ಹಂಪಿಯಲ್ಲಿ ಊಟದ ಅಂಗಳ: ಬಜಾರಿನ ಕಂಬಸಾಲಿನಿಂದ ಫುಡ್ ಕೋರ್ಟ್‌ವರೆಗೆ

ಪ್ರವಾಸಿ ತಾಣಕ್ಕೆ ಬಂದವರು ಎಲ್ಲಿ ಕುಳಿತು, ಏನನ್ನು, ಯಾವ ಬೆಲೆಗೆ ಉಣ್ಣುತ್ತಾರೆ ಎಂಬುದು ಮೇಲ್ನೋಟಕ್ಕೆ ಸಣ್ಣ ವಿಷಯವೆನಿಸಿದರೂ, ಆ ಊರಿನ ಭೂಮಿಯ ಬಳಕೆ, ನೀರು, ಕಸ ವಿಲೇವಾರಿ, ಸ್ಥಳೀಯರ ದುಡಿಮೆ ಇವೆಲ್ಲವೂ ಅದರೊಂದಿಗೆ ಹೆಣೆದುಕೊಂಡಿರುವುದರಿಂದ ಅದು ಗಂಭೀರ ವಿಚಾರಕ್ಕೆ ಅರ್ಹವಾದ ವಿಷಯವೇ ಆಗಿದೆ. ಮಹಾನಗರಗಳಲ್ಲಿ ಈ ಪ್ರಶ್ನೆಗೆ ಮಾಲ್‌ಗಳ ಫುಡ್ ಕೋರ್ಟ್ ಒಂದು ಉತ್ತರವನ್ನು ಕೊಟ್ಟಿದೆ. ಸ್ಮಾರಕಗಳ ನಡುವೆಯೇ ಜನವಸತಿ ಇರುವ ಹಂಪಿಯಲ್ಲಿ ಮಾತ್ರ ಈ ಪ್ರಶ್ನೆ ಕಳೆದ ಕೆಲವು ದಶಕಗಳಿಂದ ನ್ಯಾಯಾಲಯದ ಮೆಟ್ಟಿಲನ್ನೂ ಏರಿ, ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗದೆ ಉಳಿದಿದೆ.

ಫುಡ್ ಕೋರ್ಟ್ ನಡೆಯುವ ಬಗೆ

ಹಲವು ಅಡುಗೆಮನೆಗಳು ಸಾಲಾಗಿದ್ದು, ಅವೆಲ್ಲಕ್ಕೂ ಸೇರಿ ಒಂದೇ ಕುಳಿತುಣ್ಣುವ ಅಂಗಳವಿರುವ ವ್ಯವಸ್ಥೆಗೆ ಫುಡ್ ಕೋರ್ಟ್ ಎಂದು ಹೆಸರು. ಇಲ್ಲಿ ಪ್ರತಿ ಮಳಿಗೆಯವರು ತಮ್ಮ ಒಲೆ ಮತ್ತು ಕೌಂಟರನ್ನು ಮಾತ್ರ ನೋಡಿಕೊಳ್ಳುತ್ತಾರೆ. ಮೇಜು-ಕುರ್ಚಿ, ಕೈತೊಳೆಯುವ ಜಾಗ, ಶೌಚಾಲಯ, ಕಸ ಸಾಗಣೆ, ಹೊಗೆ ಹೊರಹಾಕುವ ಕೊಳವೆ, ಕೊಳಚೆ ನೀರಿನಲ್ಲಿರುವ ಎಣ್ಣೆ-ಜಿಡ್ಡನ್ನು ಚರಂಡಿಗೆ ಹೋಗದಂತೆ ತಡೆಯುವ ತೊಟ್ಟಿ ಇವೆಲ್ಲ ಸಾಮೂಹಿಕ ಸೌಲಭ್ಯಗಳಾಗಿರುತ್ತವೆ. ಉತ್ತರ ಅಮೆರಿಕದ ಮಾಲ್‌ಗಳಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಈ ಪದ್ಧತಿ ಕರ್ನಾಟಕದಲ್ಲಿ ಜನಪ್ರಿಯವಾದದ್ದು 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದ ಕಾಲಘಟ್ಟದಲ್ಲಿ. ಒಂದೇ ಕುಟುಂಬದಲ್ಲಿ ಅಜ್ಜಿಗೆ ಇಡ್ಲಿ, ಮಕ್ಕಳಿಗೆ ನೂಡಲ್ಸ್, ಉಳಿದವರಿಗೆ ಊಟ ಬೇಕಿದ್ದರೂ ಎಲ್ಲರೂ ಒಂದೇ ಮೇಜಿನಲ್ಲಿ ಕೂರಬಹುದು ಎಂಬುದೇ ಅದರ ದೊಡ್ಡ ಆಕರ್ಷಣೆ.

ಆದರೆ ಈ ಅನುಕೂಲಕ್ಕೆ ಬೆಲೆಯೂ ಇದೆ. ಮಾಲ್‌ಗಳಲ್ಲಿ ಮಳಿಗೆಯವರು ಬಾಡಿಗೆಯ ಜೊತೆಗೆ ಸಾಮೂಹಿಕ ನಿರ್ವಹಣೆಯ ವೆಚ್ಚವನ್ನೂ, ಎಷ್ಟೋ ಕಡೆ ವ್ಯಾಪಾರದ ಇಂತಿಷ್ಟು ಪಾಲನ್ನೂ ಕಟ್ಟಡದ ಮಾಲೀಕರಿಗೆ ಕೊಡಬೇಕಾಗುವುದರಿಂದ ಆ ಹೊರೆ ಕೊನೆಗೆ ತಿನ್ನುವವರ ಬಿಲ್ಲಿನ ಮೇಲೆಯೇ ಬೀಳುತ್ತದೆ. ಅಷ್ಟು ದೊಡ್ಡ ಮುಂಗಡ ಹೂಡಬಲ್ಲವರು ಸಾಮಾನ್ಯವಾಗಿ ಬ್ರ್ಯಾಂಡ್ ಕಂಪನಿಗಳೇ ಆಗಿರುವುದರಿಂದ ಎಲ್ಲ ಊರಿನ ಫುಡ್ ಕೋರ್ಟ್‌ಗಳಲ್ಲಿಯೂ ಒಂದೇ ಬಗೆಯ ಪಿಜ್ಜಾ, ಬರ್ಗರ್, ಫ್ರೈಡ್ ರೈಸ್ ಕಾಣಸಿಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯ ಮೂಲಕ ಆರಂಭಿಸಿದ ಮಾದರಿಯು ಕುರ್ಚಿಯನ್ನೂ ಸಪ್ಲೈಯರ್‌ನನ್ನೂ ಬಿಟ್ಟು, ಟೋಕನ್ ಪಡೆದು ನಿಂತೇ ತಿನ್ನುವ ಪದ್ಧತಿಯಿಂದ ಖರ್ಚನ್ನು ತಗ್ಗಿಸಿ, ಸ್ಥಳೀಯ ತಿಂಡಿಯನ್ನೇ ಶುಚಿಯಾಗಿ ಅಗ್ಗದ ದರಕ್ಕೆ ಕೊಡಲು ಸಾಧ್ಯ ಎಂಬುದನ್ನು ತೋರಿಸಿತು. ಸಾಮೂಹಿಕ ಸೌಲಭ್ಯವೆಂಬ ಫುಡ್ ಕೋರ್ಟಿನ ಗುಣವನ್ನೂ ಸ್ಥಳೀಯ ಅಡುಗೆ ಮತ್ತು ಕಡಿಮೆ ದರವೆಂಬ ದರ್ಶಿನಿಯ ಗುಣವನ್ನೂ ಒಂದುಗೂಡಿಸಿದ ವ್ಯವಸ್ಥೆಯೇ ಹಂಪಿಯಂಥ ತಾಣಕ್ಕೆ ತಕ್ಕದ್ದು.

ಬಜಾರುಗಳ ನಗರ

ವಿಜಯನಗರದ ರಾಜಧಾನಿಯಲ್ಲಿ ದೊಡ್ಡ ದೇವಾಲಯಗಳ ಮುಂದೆ ರಥಬೀದಿಯೂ ಅದರ ಇಕ್ಕೆಲಗಳಲ್ಲಿ ಕಲ್ಲಿನ ಕಂಬಸಾಲು ಮಂಟಪಗಳೂ ಇದ್ದವು. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದಿನ ಬೀದಿಗಳನ್ನು ಇಂದಿಗೂ ಬಜಾರುಗಳೆಂದೇ ಕರೆಯಲಾಗುತ್ತದೆ. ಹಜಾರರಾಮ ದೇವಾಲಯದ ಬಳಿಯ ಬೀದಿಗೆ ಪಾನ್‌ಸುಪಾರಿ ಬಜಾರ್ ಎಂಬ ಹೆಸರಿದೆ. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನಗರದ ಸಂತೆಗಳಲ್ಲಿ ಅಕ್ಕಿ, ಜೋಳ, ಕಾಳುಗಳು, ಕೋಳಿ, ಮಾಂಸ, ನಿಂಬೆ, ಕಿತ್ತಳೆ, ದ್ರಾಕ್ಷಿ ಮೊದಲಾದವು ಯಥೇಚ್ಛವಾಗಿ ಸಿಗುತ್ತಿದ್ದುದನ್ನು ಬೆರಗಿನಿಂದ ದಾಖಲಿಸಿದ್ದಾನೆ. ಅವನಿಗಿಂತ ಮುಂಚೆ, 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ ಇಲ್ಲಿನ ಬಜಾರುಗಳ ವೈಭವವನ್ನು ಬಣ್ಣಿಸಿದ್ದಾನೆ.

ಊಟಕ್ಕೆ ಸಂಬಂಧಿಸಿದ ಒಂದು ಕುರುಹು ಇಂದಿಗೂ ಕಣ್ಣಿಗೆ ಬೀಳುತ್ತದೆ. ಭೋಜನಶಾಲೆ ಎಂದು ಕರೆಯಲಾಗುವ ಜಾಗದಲ್ಲಿ ನೀರಿನ ಕಾಲುವೆಯೊಂದರ ಎರಡೂ ದಂಡೆಗಳ ಮೇಲೆ ಕಲ್ಲಿನ ತಟ್ಟೆಗಳ ಸಾಲುಗಳಿವೆ. ಪ್ರತಿ ಚಪ್ಪಡಿಯಲ್ಲಿಯೂ ಅನ್ನಕ್ಕೊಂದು ಅಗಲವಾದ ತಗ್ಗು, ಪಲ್ಯ-ಸಾರುಗಳಿಗೆ ಬಟ್ಟಲಿನಂಥ ಸಣ್ಣ ತಗ್ಗುಗಳು ಕೊರೆಯಲ್ಪಟ್ಟಿವೆ. ಇಲ್ಲಿ ಉಣ್ಣುತ್ತಿದ್ದವರು ಯಾರು ಎಂಬುದೇನೇ ಇರಲಿ, ಪಂಕ್ತಿಯಲ್ಲಿ ಕೂರುವ ಜಾಗ ಮತ್ತು ಹರಿಯುವ ನೀರು ಇವೆರಡನ್ನೂ ಒಟ್ಟಿಗೆ ಯೋಜಿಸಿದ ಕ್ರಮವು ಸಾಮೂಹಿಕ ಭೋಜನದ ಮೂಲತತ್ತ್ವವನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಸಾಕ್ಷಿಯಾಗಿದೆ. ಆ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳಲ್ಲಿ ತುರ್ತಾ, ಬಸವಣ್ಣ, ರಾಯ ಕಾಲುವೆಗಳು ಇಂದಿಗೂ ಹರಿಯುತ್ತಿದ್ದು, ಹಂಪಿ-ಹೊಸಪೇಟೆ ಸೀಮೆಯ ಬಾಳೆ, ಕಬ್ಬು, ಭತ್ತದ ಗದ್ದೆಗಳು ಅವುಗಳನ್ನೇ ಆಶ್ರಯಿಸಿವೆ.

ತೆರವಿನ ಎರಡು ಅಧ್ಯಾಯಗಳು

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶ-ವಿದೇಶಗಳ ಪ್ರವಾಸಿಗರ ಸಂಖ್ಯೆ ಏರತೊಡಗಿತು. ವಿರೂಪಾಕ್ಷ ದೇವಾಲಯದಿಂದ ಏಕಶಿಲಾ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿದ ಬಜಾರಿನ ಮಂಟಪಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಕುಟುಂಬಗಳು ವಾಸವಾಗಿದ್ದು, ಕಂಬಗಳ ನಡುವೆ ಗೋಡೆ ಎಬ್ಬಿಸಿ ಚಹಾದಂಗಡಿ, ಖಾನಾವಳಿ, ಪೂಜಾಸಾಮಗ್ರಿಯ ಅಂಗಡಿಗಳನ್ನು ನಡೆಸುತ್ತಿದ್ದವು. ಬಜಾರಿಗೆ ಮತ್ತೆ ಜೀವ ಬಂದಂತಾಗಿತ್ತು ಎಂಬುದು ಒಂದು ವಾದವಾದರೆ, ಸಿಮೆಂಟು, ಹೊಗೆ, ಬಚ್ಚಲು ನೀರು ಇವುಗಳಿಂದ ಪ್ರಾಚೀನ ರಚನೆಗಳಿಗೆ ಧಕ್ಕೆಯಾಗುತ್ತಿದೆ ಎಂಬುದು ಮತ್ತೊಂದು ವಾದವಾಗಿತ್ತು. 2011ರ ಜುಲೈ ತಿಂಗಳ ಕೊನೆಯಲ್ಲಿ ಆಡಳಿತವು ಈ ಮಂಟಪಗಳನ್ನು ತೆರವುಗೊಳಿಸಿತು. ಮನೆ-ಅಂಗಡಿಗಳನ್ನು ಕಳೆದುಕೊಂಡವರಿಗೆ ಹೊಸಪೇಟೆ ರಸ್ತೆಯ ಕಡ್ಡಿರಾಂಪುರದಲ್ಲಿ ನಿವೇಶನದ ಏರ್ಪಾಡಾಯಿತು. ಪ್ರವಾಸಿಗರು ನಡೆದಾಡುವ ಬೀದಿಯಿಂದ ದೂರವಿರುವ ನಿವೇಶನವು ತಲೆಯ ಮೇಲೆ ಸೂರನ್ನು ಕೊಡಬಲ್ಲುದೇ ಹೊರತು, ದಿನದ ವ್ಯಾಪಾರವನ್ನು ಕೊಡಲಾರದು ಎಂಬುದೇ ಇಲ್ಲಿನ ಮುಖ್ಯ ತೊಡಕು.

ಎರಡನೆಯ ಅಧ್ಯಾಯ ನದಿಯ ಆಚೆ ದಡದ್ದು. ತುಂಗಭದ್ರೆಯ ನಡುಗಡ್ಡೆಯಂತಿರುವ ವಿರುಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ರೆಸಾರ್ಟ್‌ಗಳೂ ರೆಸ್ಟೋರೆಂಟ್‌ಗಳೂ ತಲೆಯೆತ್ತಿದ್ದವು. ನೆಲಕ್ಕೆ ಹಾಸಿಗೆ ಹಾಸಿ ಗಿಡ್ಡ ಮೇಜುಗಳನ್ನಿಟ್ಟ ಈ ಊಟದ ಮನೆಗಳಲ್ಲಿ ಇಸ್ರೇಲಿನ ಫಲಾಫೆಲ್ ಮತ್ತು ಹಮ್ಮಸ್, ಯುರೋಪಿನ ಪಾಸ್ತಾ ಮತ್ತು ಪ್ಯಾನ್‌ಕೇಕ್, ಉತ್ತರ ಭಾರತದ ಥಾಲಿ ಒಂದೇ ಮೆನುವಿನಲ್ಲಿ ಇರುತ್ತಿದ್ದವು. ಈ ಕಟ್ಟಡಗಳು 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 1988ರಲ್ಲಿ ಹೊರಡಿಸಿದ ಅಧಿಸೂಚನೆಗೆ ವಿರುದ್ಧವಾಗಿವೆ ಎಂಬ ಹೈಕೋರ್ಟಿನ ನಿಲುವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಅವು ನೆಲಸಮವಾದವು.

ಕಾನೂನಿನ ದೃಷ್ಟಿಯಿಂದ ಈ ತೀರ್ಮಾನಗಳು ಸ್ಪಷ್ಟವಾಗಿದ್ದರೂ, ಕಟ್ಟಡ ಬಿದ್ದ ಮಾತ್ರಕ್ಕೆ ಪ್ರವಾಸಿಗರ ಹಸಿವು ಕರಗುವುದಿಲ್ಲ. ಈಗ ಹಂಪಿಯ ಜನತಾ ಪ್ಲಾಟ್‌ನ ಓಣಿಗಳು, ಕಮಲಾಪುರ, ಆಚೆ ದಡದ ಆನೆಗೊಂದಿ ಮತ್ತು ಸಣಾಪುರ, ಸುಮಾರು 13 ಕಿಲೋಮೀಟರ್ ದೂರದ ಹೊಸಪೇಟೆ ಇವುಗಳ ನಡುವೆ ಆ ಬೇಡಿಕೆ ಹಂಚಿಹೋಗಿದೆ. ವಿರೂಪಾಕ್ಷನ ಸನ್ನಿಧಿಯಿರುವ ಹಂಪಿ ಗ್ರಾಮದಲ್ಲಿ ಮಾಂಸಾಹಾರ ಮತ್ತು ಮದ್ಯಕ್ಕೆ ಅವಕಾಶವಿಲ್ಲದಿರುವುದರಿಂದ ಅವನ್ನು ಬಯಸುವವರು ಹೊಸಪೇಟೆ ಅಥವಾ ಕಮಲಾಪುರದ ಹೋಟೆಲುಗಳಿಗೆ ಹೋಗುತ್ತಾರೆ. ಐಷಾರಾಮಿ ರೆಸಾರ್ಟ್‌ನಲ್ಲಿ ಉಳಿಯುವವರಿಗೂ ಹೊಸಪೇಟೆಯ ಹೋಟೆಲಿಗೆ ಕಾರಿನಲ್ಲಿ ಮರಳುವವರಿಗೂ ಊಟದ ಜಾಗಗಳು ಹೀಗೆ ಹಂಚಿಹೋಗಿರುವುದು ತೊಂದರೆಯಲ್ಲ. ಬುತ್ತಿ ಕಟ್ಟಿಕೊಂಡು ಶಾಲಾ ಬಸ್ಸಿನಲ್ಲಿ ಬರುವ ಮಕ್ಕಳು, ಹುಣ್ಣಿಮೆ-ಜಾತ್ರೆಗೆ ಬರುವ ಹಳ್ಳಿಗರು, ಬಿರುಬಿಸಿಲಿನಲ್ಲಿ ದಿನವಿಡೀ ನಡೆಯುವ ಸಾಮಾನ್ಯ ಪ್ರವಾಸಿಗರು ಇವರಿಗೆ ನೆರಳು, ಕುಡಿಯುವ ನೀರು, ಕೈಗೆಟುಕುವ ಊಟ ಮೂರೂ ಒಂದೆಡೆ ಸಿಗುವುದು ಅತ್ಯಗತ್ಯ.

ಈ ಸೀಮೆಯ ತಟ್ಟೆ

ಇಂಥ ಅಂಗಳದಲ್ಲಿ ಬಡಿಸಬೇಕಾದದ್ದು ಏನು ಎಂಬುದಕ್ಕೆ ಉತ್ತರವನ್ನು ಹೊರಗೆ ಹುಡುಕಬೇಕಾಗಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ಬೆಳಗಿನ ಹೊತ್ತು ಸಿಗುವ ಒಗ್ಗರಣೆ-ಮಿರ್ಚಿಯೇ ಅದಕ್ಕೆ ಉದಾಹರಣೆ. ಮಂಡಕ್ಕಿಯನ್ನು ಕ್ಷಣಕಾಲ ನೀರಿನಲ್ಲಿ ನೆನೆಸಿ, ಅದು ಮುದ್ದೆಯಾಗುವ ಮುನ್ನವೇ ಅಂಗೈಯಲ್ಲಿ ಹಿಂಡಿ, ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಕಾಯಿಸಿದ ಎಣ್ಣೆಗೆ ಸೇರಿಸಿ ಕಲಸಿ, ಮೇಲೆ ಹುರಿಗಡಲೆಯ ಹಿಟ್ಟು ಉದುರಿಸುತ್ತಾರೆ. ಹಿಟ್ಟು ಉಳಿದ ತೇವವನ್ನು ಹೀರಿಕೊಳ್ಳುವುದರಿಂದ ತಿಂಡಿ ಉದುರುದುರಾಗಿ ಉಳಿಯುತ್ತದೆ. ಪಕ್ಕದಲ್ಲಿ ಆಗತಾನೇ ಬಾಣಲೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುವ, ಬೇಯಿಸಲು ಕಡಿಮೆ ಇಂಧನ ಸಾಕಾಗುವ, ಸಣ್ಣ ಬಂಡಿಯಲ್ಲಿಯೂ ಮಾಡಬಹುದಾದ ಈ ತಿಂಡಿಯು ವೇಗದ ಆಹಾರಕ್ಕೆ ಬೇಕಾದ ಎಲ್ಲ ಲಕ್ಷಣಗಳನ್ನೂ ಹೊಂದಿದೆ.

ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಅಥವಾ ಗುರೆಳ್ಳಿನ ಚಟ್ನಿಪುಡಿ, ಗಟ್ಟಿಮೊಸರು, ಕೊನೆಗೆ ಅನ್ನ-ಸಾರು ಬಡಿಸುವ ಖಾನಾವಳಿಯ ಊಟವೂ ಈ ನೆಲದ್ದೇ. ಬಿಸಿರೊಟ್ಟಿ ಬಡಿಯಲು ಪಳಗಿದ ಕೈ ಬೇಕಾಗುವುದರಿಂದ ಅದು ಸ್ಥಳೀಯ ಹೆಣ್ಣುಮಕ್ಕಳಿಗೆ ಖಚಿತ ದುಡಿಮೆಯನ್ನು ಕೊಡಬಲ್ಲುದು. ತಿಂಗಳುಗಟ್ಟಲೆ ಕೆಡದ ಕಡಕ್ ರೊಟ್ಟಿಯು ಪ್ರವಾಸಿಗರು ಊರಿಗೆ ಕಟ್ಟಿಕೊಂಡು ಹೋಗಬಹುದಾದ ಸರಕೂ ಆಗುತ್ತದೆ. ಕಂಪ್ಲಿ ಭಾಗದ ಭತ್ತ, ನದಿ-ಕಾಲುವೆಗಳ ಅಂಚಿನ ಏಲಕ್ಕಿ ಮತ್ತು ಸುಗಂಧಿ ಬಾಳೆ ಇವು ಹತ್ತಿರದಲ್ಲೇ ಬೆಳೆಯುವಾಗ, ತಟ್ಟೆಗೆ ಪರ್ಯಾಯವಾಗಿ ಬಾಳೆ ಎಲೆಯೂ ಸುಲಭವಾಗಿ ಸಿಗುವಾಗ, ದೂರದಿಂದ ತರಿಸಿದ ಶೀತಲೀಕೃತ ಆಹಾರವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೊಡುವುದು ಪ್ರವಾಸಿಗರಿಗೂ ರೈತರಿಗೂ ನಷ್ಟವೇ ಸರಿ.

ಸಿಂಗಪುರ ಕಲಿಸುವ ಪಾಠ

ಬೀದಿಯಲ್ಲಿ ಅಡುಗೆ ಮಾಡಿ ಮಾರುವವರನ್ನು ತೆರವುಗೊಳಿಸಬೇಕಾಗಿ ಬಂದಾಗ ಏನು ಮಾಡಬಹುದು ಎಂಬುದಕ್ಕೆ ಸಿಂಗಪುರ ಒಳ್ಳೆಯ ನಿದರ್ಶನ. ಅಲ್ಲಿನ ಸರ್ಕಾರವು 1970 ಮತ್ತು 1980ರ ದಶಕಗಳಲ್ಲಿ ಬೀದಿ ವ್ಯಾಪಾರಿಗಳಿಗೆ ಪರವಾನಗಿ ಕೊಟ್ಟು, ನಲ್ಲಿ, ವಿದ್ಯುತ್ತು, ಚರಂಡಿ ಇರುವ ಹಾಕರ್ ಸೆಂಟರ್ ಎಂಬ ತೆರೆದ ಭೋಜನಾಂಗಣಗಳಿಗೆ ಸ್ಥಳಾಂತರಿಸಿತು. ಮಾರುವ ಜಾಗ ಬದಲಾಯಿತೇ ಹೊರತು, ಮಾರುವವರೂ ಅವರ ಕೈರುಚಿಯೂ ಉಳಿದವು. 2020ರಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನೇ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿನ ಸ್ಮಾರಕಗಳನ್ನು ಗುರುತಿಸುವ ಅದೇ ಸಂಸ್ಥೆಯು ಅಡುಗೆಯನ್ನೂ ಪರಂಪರೆಯೆಂದು ಗುರುತಿಸುತ್ತದೆ ಎಂಬ ಸಂಗತಿಯನ್ನು ಹಂಪಿಯ ಯೋಜಕರು ಮನಸ್ಸಿಗೆ ತಂದುಕೊಳ್ಳಬೇಕು.

ಭಾರತದಲ್ಲಿಯೂ ಇದಕ್ಕೆ ಬೇಕಾದ ಸಾಧನಗಳಿವೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣಗಳಲ್ಲಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಅವರ ಪ್ರತಿನಿಧಿಗಳೂ ಇರುವ ಪಟ್ಟಣ ಮಾರಾಟ ಸಮಿತಿಯ ಮೂಲಕ ಜಾಗ ಗೊತ್ತುಪಡಿಸಲು ಹೇಳುತ್ತದೆ. ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಶುಚಿಯಾದ ಬೀದಿ ಆಹಾರದ ತಾಣಗಳಿಗೆ ಮಾನ್ಯತೆ ಕೊಡುವ ಯೋಜನೆಯಡಿ 2018ರಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಆವರಣವನ್ನು ಮೊದಲಿಗೆ ಗುರುತಿಸಿತು. ಮುದ್ರಣದ ಶಾಯಿಯಲ್ಲಿರುವ ರಾಸಾಯನಿಕಗಳು ಬಿಸಿ ಎಣ್ಣೆಯ ತಿಂಡಿಗೆ ಇಳಿಯುವುದರಿಂದ ಬಜ್ಜಿ-ಬೋಂಡಾಗಳನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡಬಾರದೆಂದೂ ಅದು ಎಚ್ಚರಿಸಿದೆ. ಪ್ರವಾಸಿಗರು ಕೂಡ ಮಳಿಗೆಯಲ್ಲಿ 14 ಅಂಕಿಗಳ ನೋಂದಣಿ ಸಂಖ್ಯೆಯ ಫಲಕವಿದೆಯೇ, ಕುಡಿಯುವ ನೀರು ಮುಚ್ಚಿದ ಪಾತ್ರೆಯಲ್ಲಿದೆಯೇ, ಕರಿದ ಎಣ್ಣೆ ಕಪ್ಪಗಾಗಿದೆಯೇ ಎಂಬುದನ್ನು ಗಮನಿಸುವ ರೂಢಿ ಬೆಳೆಸಿಕೊಂಡರೆ ಶುಚಿಯಾಗಿ ನಡೆಸುವವರಿಗೆ ಬೆಂಬಲ ದೊರೆಯುತ್ತದೆ.

ಹಂಪಿಯಲ್ಲಿ ಇಂಥ ಅಂಗಳ ಕಟ್ಟುವಾಗ ಸ್ಥಳದ ಆಯ್ಕೆಯೇ ಎಲ್ಲಕ್ಕಿಂತ ಮುಖ್ಯ. ಸ್ಮಾರಕಗಳು ದಟ್ಟವಾಗಿರುವ ಸಂರಕ್ಷಿತ ಭಾಗದಿಂದ ಅದು ಹೊರಗಿರಬೇಕು, ಆದರೆ ವಾಹನ ನಿಲುಗಡೆಗೋ ಬಸ್ ನಿಲ್ದಾಣಕ್ಕೋ ನಡಿಗೆಯ ದೂರದಲ್ಲಿರಬೇಕು. ಕಟ್ಟಡ ಎತ್ತರವಾಗದೆ, ಗಾಳಿಯಾಡುವ ತೆರೆದ ಮಂಟಪದಂತಿದ್ದು, ಕೋತಿಗಳ ಕಾಟವನ್ನು ತಡೆಯುವ ಜಾಲರಿಯೂ ಹಸಿ ಕಸವನ್ನು ಗೊಬ್ಬರ ಮಾಡುವ ಗುಂಡಿಯೂ ಇರಬೇಕು. ಮಳಿಗೆಗಳನ್ನು ಹೆಚ್ಚು ಬಾಡಿಗೆ ಕೂಗುವವರಿಗೆ ಹರಾಜು ಹಾಕದೆ, ತೆರವಿನಿಂದ ದುಡಿಮೆ ಕಳೆದುಕೊಂಡ ಕುಟುಂಬಗಳಿಗೂ ಮಹಿಳಾ ಸ್ವಸಹಾಯ ಸಂಘಗಳಿಗೂ ಮೊದಲ ಆದ್ಯತೆಯಲ್ಲಿ, ನಿಗದಿತ ಸಣ್ಣ ಬಾಡಿಗೆಗೆ ಕೊಡಬೇಕು. ಬಾಡಿಗೆ ಹಗುರವಾದರೆ ತಟ್ಟೆಯ ದರವೂ ಹಗುರವಾಗುತ್ತದೆ. 2002ರ ಕಾಯ್ದೆಯಿಂದ ರೂಪುಗೊಂಡ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಸ್ಮಾರಕಗಳ ರಕ್ಷಣೆಯಷ್ಟೇ ಅಲ್ಲದೆ ಅವುಗಳ ಸುತ್ತಲಿನ ಹಳ್ಳಿಗಳ ಬಾಳುವೆಯ ಹೊಣೆಯೂ ಇದೆ. ಸ್ಮಾರಕಗಳನ್ನು ಉಳಿಸಲು ಅಂಗಡಿಗಳನ್ನು ಎಬ್ಬಿಸಿದ ಆಡಳಿತವು ಅಂಗಡಿಯವರನ್ನು ಮತ್ತೆ ನೆಲೆಗೊಳಿಸುವ ಕೆಲಸವನ್ನೂ ಅಷ್ಟೇ ದೃಢತೆಯಿಂದ ಮಾಡಿದಾಗ ಮಾತ್ರ ಸಂರಕ್ಷಣೆ ಎಂಬ ಕಾರ್ಯ ನ್ಯಾಯಯುತವೂ ಪೂರ್ಣವೂ ಆಗುತ್ತದೆ.