ಸದ್ದಿಗೊಂದು ಸುತ್ತಿನ ಕೋಟೆ

ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಾಟಕ ನೋಡುತ್ತ ಕುಳಿತಿದ್ದೆ. ನಡುವೆ ಕರೆಂಟು ಹೋಗಲಾಗಿ, ತಂಡದವರು ತಮ್ಮ ವ್ಯಾನಿನ ಹಿಂಭಾಗದಲ್ಲಿದ್ದ ಹಳೆಯ ಡೀಸೆಲ್ ಜನರೇಟರನ್ನು ಚಾಲೂ ಮಾಡಿದರು. ಬೆಳಕು ಬಂತು, ಮಾತು ಹೋಯಿತು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರದ ಹೆಣ್ಣುಮಗಳ ತುಟಿಯ ಚಲನೆಯಷ್ಟೇ ನಮಗೆ ದಕ್ಕಿತು. ಜೀವಮಾನವೆಲ್ಲ ಮಾತನ್ನೇ ನಂಬಿ ಪಾಠ ಹೇಳಿದವನಿಗೆ ಅದು ಸಣ್ಣ ನೋವಲ್ಲ.

ನಮ್ಮ ಜಿಲ್ಲೆಗೆ ತಿರುಗಾಟದ ನಾಟಕ ಹೊಸದೇನಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ನಾಡಿನ ಊರೂರಿಗೆ ನಾಟಕವನ್ನು ಹೊತ್ತೊಯ್ದಿದೆ. ನಾನು ಹೇಳುತ್ತಿರುವ ವ್ಯಾನು ಅವರದಲ್ಲ. ಸಣ್ಣ ಹವ್ಯಾಸಿ ತಂಡವೊಂದರದು. ಆ ಹುಡುಗರು ಮುಂದಿನ ಪ್ರದರ್ಶನಕ್ಕೆ ಜನರೇಟರಿನ ಗೂಡಿಗೆ ಹಾಸಿಗೆಯ ಸ್ಪಂಜು ಬಡಿದು, ಕಿಂಡಿಗಳನ್ನೆಲ್ಲ ಮುಚ್ಚಿದರು. ಅರ್ಧ ಗಂಟೆಯಲ್ಲಿ ಎಂಜಿನ್ನು ಕಾದು ನಿಂತಿತು. ಸೈಲೆನ್ಸರಿನ ಬಳಿಯ ಸ್ಪಂಜು ಕಂದಿ ಹೊಗೆಯಾಡುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ವ್ಯಾನೇ ಉಳಿಯುತ್ತಿರಲಿಲ್ಲ.

“ಇಷ್ಟು ದಪ್ಪ ಸ್ಪಂಜು ಹಾಕಿದರೂ ಸದ್ದು ಯಾಕೆ ನಿಲ್ಲಲಿಲ್ಲ, ಮೇಷ್ಟ್ರೇ?” ಎಂದು ಅವರಲ್ಲೊಬ್ಬ ಕೇಳಿದ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲವಾದ್ದರಿಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬರ, ಭೌತಶಾಸ್ತ್ರದವರ, ಮನೆಗೆ ಎಲ್ಲರೂ ಹೋದೆವು.

ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ ಎಂದು ಅವರು ವಿವರಿಸಿದರು. ಹತ್ತಿ, ಸ್ಪಂಜು, ರಾಕ್‌ವೂಲ್ ಇವುಗಳ ಸೂಕ್ಷ್ಮ ರಂಧ್ರಗಳಲ್ಲಿ ಸದ್ದಿನ ಅಲೆ ಉಜ್ಜಿಕೊಂಡು ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ. ಗೂಡಿನೊಳಗಿನ ಪ್ರತಿಧ್ವನಿ ಇದರಿಂದ ತಗ್ಗೀತು. ಸದ್ದು ಹೊರಗೆ ದಾಟದಂತೆ ತಡೆಯಲು ಬೇಕಾದದ್ದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ಹೊರಗಡೆ ದಪ್ಪ ತಗಡು ಅಥವಾ ಭಾರದ ವಿನೈಲ್ ಹಾಳೆ ಮೆತ್ತಿದ ಪ್ಲೈವುಡ್ ಇರಬೇಕು. ಒಳಮುಖಕ್ಕೆ ಹೀರುವ ಪದರ. ಆ ಪದರಕ್ಕೆ ರಾಕ್‌ವೂಲೇ ಲೇಸು, ಅದು ಉರಿಯುವುದಿಲ್ಲ. ಎಂಜಿನ್ನಿನ ಗುಡುಗುಡು ಮಂದ್ರಸ್ಥಾಯಿಯದಾದ್ದರಿಂದ ಒಂದಂಗುಲಕ್ಕಿಂತ ಎರಡಂಗುಲ ಮೇಲು. ಆದರೆ ಡೀಸೆಲ್ ಸಿಡಿದು ನೆನೆದರೆ ಅದೇ ದೀಪದ ಬತ್ತಿಯಾದೀತು! ಗಾಜಿನ ಬಟ್ಟೆ ಹೊದಿಸಿ, ಮೇಲೆ ತೂತಿನ ತಗಡು ಬಡಿಯಬೇಕು.

ಇನ್ನೊಂದು ಸದ್ದು ನೆಲದ ಮೂಲಕ ಬರುತ್ತದೆ. ಜನರೇಟರನ್ನು ನೇರವಾಗಿ ವ್ಯಾನಿಗೆ ಬೋಲ್ಟು ಹಾಕಿದರೆ ವ್ಯಾನಿನ ಮೈಯೆಲ್ಲ ನಗಾರಿಯಾಗುತ್ತದೆ. ನಡುವೆ ರಬ್ಬರಿನ ಆಧಾರಗಳಿರಲೇಬೇಕು. ಬಾಗಿಲಂಚಿನ ಸಂದಿಗೂ ರಬ್ಬರ್ ಪಟ್ಟಿ ಬೇಕು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಉಳಿದ ಗೋಡೆ ಎಷ್ಟೇ ಬಲವಾಗಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಗ್ಗದು.

ಹಾಗಾದರೆ ಎಂಜಿನ್ನು ಉಸಿರಾಡುವುದೆಲ್ಲಿಂದ? ಇಲ್ಲಿ ನನಗೆ ನಮ್ಮ ದುರ್ಗದ ಏಳು ಸುತ್ತಿನ ಕೋಟೆ ನೆನಪಾಯಿತು. ಅಲ್ಲಿನ ದಾರಿ ನೇರವಾಗಿ ಒಳಗೊಯ್ಯದೆ, ತಿರುತಿರುಗಿಸಿ ನುಗ್ಗುವವನ ವೇಗ ಮುರಿಯುತ್ತದೆ. ಗಾಳಿಯ ದಾರಿಯನ್ನೂ ಹಾಗೆಯೇ ಅಗಲವಾಗಿಟ್ಟು, ಎರಡು ಮೂರು ತಿರುವು ಕೊಟ್ಟು, ತಿರುವಿನ ಗೋಡೆಗಳಿಗೆ ರಾಕ್‌ವೂಲ್ ಹೊದಿಸಬೇಕು. ಗಾಳಿ ನಡೆದು ಬರುತ್ತದೆ, ಸದ್ದು ಗೋಡೆಗೆ ಬಡಿದು ಸೊರಗುತ್ತದೆ. ತಂಪು ಗಾಳಿಗೊಂದು, ಬಿಸಿ ಗಾಳಿಗೊಂದು ದಾರಿ ಬೇರೆಬೇರೆ. ಹೊಗೆಯ ಕೊಳವೆಯಂತೂ ಜನರಿಂದ ದೂರಕ್ಕೆ ಹೊರಗೇ ಹೋಗಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಎಂಜಿನ್ನು ನಡೆಯುವಾಗ ವ್ಯಾನಿನಲ್ಲಿ ಯಾರೂ ಮಲಗಕೂಡದು. ಹುಡುಗರಿಗೆ ನಾನು ಮೂರು ಸಲ ಹೇಳಿದ ಮಾತು ಇದೊಂದೇ.

ಹಣವಿದ್ದವರಿಗೆ ಇಷ್ಟು ಪಾಡಿಲ್ಲ. 2005ರ ಜನವರಿ 1ರಿಂದೀಚೆಗೆ ತಯಾರಾದ, 1000 ಕೆವಿಎವರೆಗಿನ ಡೀಸೆಲ್ ಜನರೇಟರುಗಳ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ಅವು ಕವಚ ತೊಟ್ಟೇ ಬರುತ್ತವೆ. ಹಣವಿಲ್ಲದವರಿಗೆ ಉದ್ದನೆಯ ಕೇಬಲ್ಲೇ ದೊಡ್ಡ ಆಸರೆ: ಬಯಲಿನಲ್ಲಿ ದೂರ ಇಮ್ಮಡಿಯಾದರೆ ಮತ್ತೆ ಸುಮಾರು 6 ಡೆಸಿಬೆಲ್ ಇಳಿಕೆ.

ಕಳೆದ ಬೇಸಗೆಯಲ್ಲಿ ಅದೇ ತಂಡದ ಅದೇ ನಾಟಕಕ್ಕೆ ಮತ್ತೆ ಹೋಗಿದ್ದೆ. ಕರೆಂಟು ಎಂದಿನಂತೆ ಕೈಕೊಟ್ಟಿತು. ಎಂಜಿನ್ನು ದೂರದ ಹಿಟ್ಟಿನ ಗಿರಣಿಯಂತೆ ಎಲ್ಲೋ ಗೊಣಗುತ್ತಿತ್ತು. ಆ ತಾಯಿ ಮಗನ ಹೆಸರನ್ನು ಮೆಲ್ಲಗೆ ಕರೆದದ್ದು ಕಡೆಯ ಸಾಲಿನಲ್ಲಿದ್ದ ನನಗೂ ಕೇಳಿಸಿತು.