ಗಟ್ಟಿಯಾದ ಎಲುಬು, ಬಾಗಿದ ಬೆನ್ನು

ನೀರು ತಿಳಿಯಾಗಿದ್ದು ದುರ್ಗಂಧವಿಲ್ಲದಿದ್ದರೆ ಅದು ಕುಡಿಯಲು ಯೋಗ್ಯವೆಂದು ನಮ್ಮ ಜನರು ಹಿಂದಿನಿಂದಲೂ ನಂಬಿಕೊಂಡು ಬಂದಿದ್ದಾರೆ. ಸಂಶಯ ಬಂದಲ್ಲಿ ಕಾಯಿಸಿ ಆರಿಸಿ ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ವಿಷಮಜ್ವರ, ವಾಂತಿಭೇದಿಗಳ ಮಟ್ಟಿಗೆ ಈ ಉಪದೇಶವು ಸರ್ವಥಾ ಸರಿಯಾದದ್ದೇ. ಆದರೆ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳ ಅನೇಕ ಗ್ರಾಮಗಳ ಕೊಳವೆ ಬಾವಿಯ ನೀರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿನ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಅಂಶಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಅದು ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಏರುತ್ತದೆ. ಇಂತಹ ನೀರನ್ನೇ ಹತ್ತಾರು ವರ್ಷ ಕುಡಿದ ರೈತನು ಯಾರಾದರೂ ಹಿಂದಿನಿಂದ ಕೂಗಿದರೆ ಕತ್ತನ್ನು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಾನೆ. ನೆಲದ ಮೇಲೆ ಕುಳಿತರೆ ಏಳಲಾರನು. ಎದ್ದರೆ ಬೆನ್ನನ್ನು ನೆಟ್ಟಗೆ ಮಾಡಲಾರನು. ಊರಿನವರು ಇದನ್ನು ವಾತವೆನ್ನುತ್ತಾರೆ, ಇಲ್ಲವೆ ಹಣೆಬರಹವೆನ್ನುತ್ತಾರೆ. ಎರಡೂ ಅಲ್ಲವೆಂಬುದು 1937ರಷ್ಟು ಹಿಂದೆಯೇ ನಿಶ್ಚಿತವಾಗಿದೆ.

ಈ ವ್ಯಾಧಿಯ ಸಂಶೋಧನೆಯ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೆ ವಿಶೇಷ ಸ್ಥಾನವುಂಟು. ಅಮೆರಿಕಾದ ಕೊಲರಾಡೊ ಪ್ರಾಂತದಲ್ಲಿ ದಂತವೈದ್ಯ ಮೆಕ್‌ಕೇ ಎಂಬವರು 1901ರಿಂದ ಮುಂದಕ್ಕೆ ಅಲ್ಲಿಯ ಜನರ ಹಲ್ಲುಗಳ ಕಂದುಬಣ್ಣದ ಕಲೆಗಳ ಮೂಲವನ್ನು ಹುಡುಕುತ್ತ ಮೂವತ್ತು ವರ್ಷ ಕಳೆದರು. 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನಜ್ಞ ಚರ್ಚಿಲರು (ನಮ್ಮ ವಾಚಕರಿಗೆ ಪರಿಚಿತರಾದ ರಾಜಕಾರಣಿ ಚರ್ಚಿಲರಲ್ಲ!) ಅದು ನೀರಿನ ಫ್ಲೋರೈಡೆಂದು ಪರೀಕ್ಷೆಯಿಂದ ಸಿದ್ಧಪಡಿಸಿದರು. ಮರುವರ್ಷ ಡೆನ್ಮಾರ್ಕಿನಲ್ಲಿ ಕ್ರಯೊಲೈಟ್ ಖನಿಜವನ್ನು ಅರೆಯುವ ಕೂಲಿಗಳ ಎಲುಬುಗಳನ್ನು ಕ್ಷ-ಕಿರಣದಿಂದ ನೋಡಿದಾಗ ಅವು ಅಸಹಜವಾಗಿ ಗಟ್ಟಿಯಾಗಿರುವುದು ಕಂಡುಬಂದಿತು. ಆದರೆ ಅದು ಕಾರ್ಖಾನೆಯ ಧೂಳಿನ ಫಲ. ಯಾವ ಕಾರ್ಖಾನೆಯನ್ನೂ ಕಾಣದ ಬೇಸಾಯಗಾರರು ಬರಿಯ ಬಾವಿಯ ನೀರಿನಿಂದಲೇ ಅಂಗವಿಕಲರಾಗುತ್ತಾರೆಂಬುದನ್ನು ತೋರಿಸಿದವರು ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥ ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳು. ಅವರು ಪರೀಕ್ಷಿಸಿದ ಗ್ರಾಮಗಳು ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯವು. ಆ ಸಹೋದ್ಯೋಗಿಗಳಲ್ಲಿ ಒಬ್ಬರಾದ ಚಿಂತಾಮಣ ಗೋವಿಂದ ಪಂಡಿತರು ಮುಂದೆ ಸ್ವತಂತ್ರ ಭಾರತದ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ನಿರ್ದೇಶಕರಾದರು.

ಎಲುಬೆಂಬುದು ಕಲ್ಲಿನಂತೆ ಜಡವಾದ ವಸ್ತುವೆಂದು ಅನೇಕರ ತಿಳಿವಳಿಕೆ. ವಾಸ್ತವವಾಗಿ ಅದು ಆಮರಣವೂ ಒಡೆದು ಕಟ್ಟಲ್ಪಡುತ್ತಿರುವ ಮನೆ. ಒಂದು ಜಾತಿಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತವೆ, ಮತ್ತೊಂದು ಜಾತಿಯವು ಹೊಸದನ್ನು ಹಾಕುತ್ತವೆ. ದೇಹದಲ್ಲಿ ಉಳಿಯುವ ಫ್ಲೋರೈಡಿನ ಬಹುಪಾಲು, 100ಕ್ಕೆ 99ರಷ್ಟು, ಎಲುಬು ಹಲ್ಲುಗಳಲ್ಲಿಯೇ ಸೇರುತ್ತದೆ. ಸುಣ್ಣ ಮತ್ತು ರಂಜಕಗಳಿಂದಾದ ಎಲುಬಿನ ಹರಳುಗಳೊಳಕ್ಕೆ ಅದು ನುಗ್ಗಿ ಬೇರೊಂದರ ಸ್ಥಾನವನ್ನು ಆಕ್ರಮಿಸುತ್ತದೆ. ಮೇಲಾಗಿ ಕಟ್ಟುವ ಕೋಶಗಳನ್ನು ಅತಿಯಾಗಿ ಪ್ರಚೋದಿಸುತ್ತದೆ. ಎಲುಬು ಬೆಳೆಯಬಾರದ ಕಡೆ ಬೆಳೆಯುತ್ತದೆ. ಬಾಗಬೇಕಾದ ತಂತುಗಳು ಸುಣ್ಣಗಟ್ಟುತ್ತವೆ. ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕಡೆಗೆ ಅವುಗಳ ನಡುವಣ ನರಹುರಿ ಅದುಮಲ್ಪಟ್ಟು ಕಾಲುಗಳು ಸ್ವಾಧೀನ ತಪ್ಪುತ್ತವೆ. ಈ ಸ್ಥಿತಿಗೆ ಬಂದವನನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಗಟ್ಟಿಯಾದ ಎಲುಬು ಒಳ್ಳೆಯದಲ್ಲವೆ ಎಂದು ಯಾರಾದರೂ ಕೇಳಬಹುದು. ಪಾಶ್ಚಾತ್ಯ ವೈದ್ಯರೂ ಹಾಗೆಯೇ ಎಣಿಸಿದ್ದರು. ವೃದ್ಧಾಪ್ಯದಲ್ಲಿ ಎಲುಬು ಟೊಳ್ಳಾಗುವ ಸ್ತ್ರೀಯರಿಗೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕಾದ ಮೇಯೊ ಚಿಕಿತ್ಸಾಲಯದ ರಿಗ್ಸ್ ಮತ್ತು ಸಂಗಡಿಗರು 202 ಮಂದಿ ಸ್ತ್ರೀಯರ ಮೇಲೆ 4 ವರ್ಷ ನಡೆಸಿದ ಪರೀಕ್ಷೆಯ ಫಲ 1990ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ಬೆನ್ನೆಲುಬಿನ ಸಾಂದ್ರತೆ 100ಕ್ಕೆ 35ರಷ್ಟು ಏರಿತ್ತು, ಎಂತಹ ಜಯ! ಆದರೆ ಬೆನ್ನೆಲುಬು ಮುರಿಯುವುದು ಗಣನೀಯವಾಗಿ ತಗ್ಗಲಿಲ್ಲ, ಕೈಕಾಲು ಮೊದಲಾದ ಇತರ ಎಲುಬುಗಳ ಮುರಿತವು ಔಷಧ ಪಡೆಯದವರಲ್ಲಿ 24 ಆಗಿದ್ದರೆ ಪಡೆದವರಲ್ಲಿ 72 ಆಗಿದ್ದಿತು. ನೆಲ್ಲೂರಿನ ರೈತನು ಯಾರ ಅಪ್ಪಣೆಯೂ ಇಲ್ಲದೆ ಇದೇ ಪರೀಕ್ಷೆಗೆ ಒಳಗಾಗಿದ್ದನು; ಅವನ ವರದಿಯನ್ನು ಓದಿದ್ದರೆ ಸಾಕಾಗಿತ್ತೇನೋ ಎಂದು ನಮಗೆ ಅನ್ನಿಸದೆ ಇರುವುದಿಲ್ಲ.

ಬೆಳೆಯುವ ಮಕ್ಕಳ ಸ್ಥಿತಿ ಇನ್ನೂ ಶೋಚನೀಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿಯವರು ಫ್ಲೋರೈಡ್ ಪೀಡಿತ ಪ್ರದೇಶದ ಕಿಶೋರರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ಕುರಿತು 1973ರಲ್ಲಿ ಬರೆದರು. ಅವರ ಬೆನ್ನೆಲುಬು ಅತಿ ಸಾಂದ್ರ, ಕಾಲಿನ ಎಲುಬು ಅತಿ ಟೊಳ್ಳು; ಒಂದೇ ದೇಹದಲ್ಲಿ ಎರಡು ವಿಪರೀತ. ಒಂದೇ ನೀರನ್ನು ಕುಡಿದರೂ ಹಾಲು ಮೊಸರು ಕಾಣುವ ಮನೆಯವರಿಗಿಂತ ಬಡವನ ಮಗನಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಸುಣ್ಣದ ಅಂಶವು ಊಟದಲ್ಲಿ ಸಾಕಷ್ಟಿದ್ದರೆ ಫ್ಲೋರೈಡು ಕರುಳಿನಲ್ಲಿಯೇ ಅದರೊಡನೆ ಕೂಡಿ ಸ್ವಲ್ಪಮಟ್ಟಿಗೆ ಹೊರಕ್ಕೆ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದರ ಒಂದು ಅಲ್ಪಾಂಶವೂ ಇಲ್ಲ. ರಾಗಿಯ ಸೀಮೆಗಳಲ್ಲಿ ಮುದ್ದೆಯ ಜಾಗಕ್ಕೆ ಪಡಿತರದ ಅನ್ನವು ಬರುತ್ತಿರುವುದನ್ನು ನಾಗರಿಕತೆಯ ಲಕ್ಷಣವೆಂದು ಭಾವಿಸುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ನಮ್ಮ ಬಯಲುಸೀಮೆಯ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಗ್ರಾನೈಟ್ ಜಾತಿಯ ಹಳೆಯ ಶಿಲೆ. ಫ್ಲೋರೈಡು ಅದರ ಖನಿಜಗಳಲ್ಲಿಯೇ ಅಡಗಿದೆ. ನೀರು ಬಂಡೆಯೊಡನೆ ಎಷ್ಟು ಹೆಚ್ಚು ಕಾಲ ಇರುವುದೋ ಅಷ್ಟು ಹೆಚ್ಚಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಕೆರೆಯ ನೀರನ್ನೂ ಮೇಲುಬಾವಿಯ ನೀರನ್ನೂ ಕುಡಿದರು. ನಾವು ಕೆರೆಗಳಲ್ಲಿ ಹೂಳು ತುಂಬಲು ಬಿಟ್ಟು ನೂರಾರು ಅಡಿಗಳ ಆಳಕ್ಕೆ ಕೊಳವೆಗಳನ್ನು ಇಳಿಸಿದ್ದೇವೆ. ದೇಶದ ಮಾನದಂಡದಂತೆ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಯುಕ್ತ. ಬೇರೆ ನೀರೇ ಇಲ್ಲವಾದರೆ 1.5 ಮಿಲಿಗ್ರಾಂವರೆಗೆ ಸಹ್ಯ.

ಪರಿಹಾರಗಳಿಲ್ಲವೆನ್ನುವಂತಿಲ್ಲ. ಪಟಿಕ ಮತ್ತು ಸುಣ್ಣವನ್ನು ಹಾಕಿ ಕಲಕಿ ತಿಳಿಯಾಗಿಸುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ತಂತ್ರವಿಜ್ಞಾನ ಸಂಸ್ಥೆಯು ಬಳಕೆಗೆ ತಂದಿತು. ಅದಕ್ಕೆ ನಲ್ಗೊಂಡದ ಹೆಸರೇ ಉಳಿದಿದೆ. ಆದರೆ ನೀರಿನ ಗುಣವನ್ನು ನೋಡಿ ಪಟಿಕವನ್ನು ದಿನವೂ ಅಳೆದು ಹಾಕುವವರು ಬೇಕು, ತಳದ ಕೆಸರನ್ನು ಎತ್ತುವವರು ಬೇಕು. ಬಡ ಗೃಹಿಣಿಯ ಮೇಲೆ ಈ ಭಾರವನ್ನು ಹೊರಿಸಿದ ಯೋಜನೆಯು ಹೆಚ್ಚು ದಿನ ಬಾಳುವುದಿಲ್ಲ. ಇತ್ತೀಚೆಗೆ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಅವು ಕೆಟ್ಟು ನಿಂತ ದಿನ ಜನರು ಮತ್ತೆ ಕೊಳವೆ ಬಾವಿಗೇ ಹೋಗುತ್ತಾರೆ. ಕೆಡದಿದ್ದರೂ ಕುಡಿಯಲು ಮಾತ್ರ ಘಟಕದ ನೀರು, ಮುದ್ದೆಗೂ ಸಾರಿಗೂ ಹಳೆಯ ನೀರು. ಘಟಕವು ಹೊರಕ್ಕೆ ಚೆಲ್ಲುವ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಹೆಚ್ಚಾಗಿರುತ್ತದೆ; ಅದನ್ನು ದನಗಳು ಕುಡಿಯುತ್ತವೆಯೇ ಎಂದು ನೋಡುವವರಾರು? ನಮ್ಮ ಅಭಿಪ್ರಾಯದಲ್ಲಿ ನದಿಯ ನೀರನ್ನು ತರುವುದು ಮತ್ತು ಕೆರೆಯನ್ನು ತುಂಬುವುದು, ಇವೆರಡೇ ನಿಲ್ಲತಕ್ಕ ಪರಿಹಾರ. ಮಿಕ್ಕವು ಅದುವರೆಗಿನ ಊರುಗೋಲು.

ಅದುವರೆಗೆ ಜಿಲ್ಲೆಯ ಅಧಿಕಾರಿಗಳು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದದ್ದು ಒಂದಿದೆ. ಮೇಲಿನ ಮುಂಬಲ್ಲುಗಳು ಮಗುವಿಗೆ ಏಳೆಂಟು ವರ್ಷವಾದಾಗ ಹೊರಕ್ಕೆ ಬಂದರೂ ಅವುಗಳ ಹೊಳಪಿನ ಹೊದಿಕೆಯು ರೂಪುಗೊಳ್ಳುವುದು ಮೊದಲ ನಾಲ್ಕೈದು ವರ್ಷಗಳಲ್ಲಿ. ಅಂದರೆ ಮೂರನೆಯ ತರಗತಿಯ ಬಾಲಕನ ಹಲ್ಲು ಅವನ ಶೈಶವದಲ್ಲಿ ಊರು ಕುಡಿದ ನೀರಿನ ದಾಖಲೆ. ಸುಣ್ಣದಂತಹ ಬಿಳಿಯ ಮಚ್ಚೆಗಳೂ ಕಂದು ಗೆರೆಗಳೂ ಜೋಡಿ ಹಲ್ಲುಗಳ ಮೇಲೆ ಅಡ್ಡವಾಗಿ ಕಂಡರೆ ಆ ಊರಿನ ಬಾವಿಯ ನೀರನ್ನು ಕೂಡಲೆ ಪರೀಕ್ಷೆಗೆ ಕಳುಹಿಸಬೇಕು. ಬಂದ ಅಂಕಿಯನ್ನು ಕಡತದಲ್ಲಿ ಹುದುಗಿಸದೆ ಬಾವಿಯ ಕಟ್ಟೆಯ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಒಂದು ಶಾಲೆಯ ಮಕ್ಕಳ ಹಲ್ಲುಗಳನ್ನು ನೋಡಲು ಒಂದು ಬೆಳಗಿನ ಹೊತ್ತು ಸಾಕು. ಬಿಸಿಲಿನ ಬೆಳಕಿನ ಹೊರತು ಬೇರೆ ಯಾವ ಉಪಕರಣವೂ ಬೇಕಿಲ್ಲ.