ಕೊನೆಯ ಸ್ಟೇಷನ್ನಿನ ಲೆಕ್ಕ

ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ದಿನಾ ‘ಚಲ್ಲಘಟ್ಟ’ ಎಂಬ ಬೋರ್ಡು ನೋಡಿ ರೈಲು ಹತ್ತುವವರಲ್ಲಿ ಎಷ್ಟು ಜನ ಚಲ್ಲಘಟ್ಟ ನೋಡಿದ್ದಾರೆ? ಲಂಡನ್ನಿನ ಜುಬಿಲಿ ಲೈನಿನಲ್ಲಿ ಸ್ಟ್ಯಾನ್ಮೋರಿನದೂ ಇದೇ ಪಾಡು. ಕೆನರಿ ವಾರ್ಫ್‌ನ ಬ್ಯಾಂಕುಗಳಿಗೆ ಬೆಂಗಳೂರಿನಿಂದ ಪ್ರಾಜೆಕ್ಟ್ ಮೇಲೆ ಹೋದ ನಮ್ಮ ಹುಡುಗರಿಗೆ ಆ ಹೆಸರು ಬಾಯಿಪಾಠ, ಊರು ಮಾತ್ರ ಗೊತ್ತಿಲ್ಲ. ಆದರೂ ಅದರ ಬಗ್ಗೆ ಅಭಿಪ್ರಾಯಕ್ಕೇನೂ ಬರವಿಲ್ಲ. ‘ದುಡಿಯೋದು ಲಂಡನ್ನು, ಮಲಗೋಕೆ ಸ್ಟ್ಯಾನ್ಮೋರು’ ಎಂಬುದು ಅದರಲ್ಲಿ ಮೊದಲನೆಯದು.

ಮೇಲ್ನೋಟಕ್ಕೆ ಅಂಕಿಗಳೂ ಇದನ್ನೇ ಹೇಳುತ್ತವೆ. ಬ್ರಿಟನ್ನಿನ ಜನಸಂಖ್ಯೆಯಲ್ಲಿ ಲಂಡನ್ನಿನ ಪಾಲು ಶೇ 13ರ ಆಸುಪಾಸು. ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಶೇ 20ಕ್ಕೂ ಹೆಚ್ಚು. ಲಂಡನ್ನಿನ ಒಳಗೇ ನೋಡಿದರೆ ಹಣದ ರಾಶಿಯೆಲ್ಲ ನಡುಭಾಗದ ಕೆಲವೇ ಬರೋಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ವಿಭಾಗಗಳಲ್ಲಿ. ಸ್ಟ್ಯಾನ್ಮೋರ್ ಇರುವ ಹ್ಯಾರೋ ಬರೋ ಆ ಪಟ್ಟಿಯಲ್ಲಿ ಸಣ್ಣಗೆ ಕಾಣುತ್ತದೆ. ಹಾಗಾದರೆ ನಡುಪೇಟೆ ಸಾಕುವ ತಾಯಿ, ಅಂಚಿನ ಊರು ಕೂತು ತಿನ್ನುವ ಮಗುವೇ?

ಇಲ್ಲಿ ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಉತ್ಪನ್ನವನ್ನು ಲೆಕ್ಕ ಹಾಕುವುದು ಕೆಲಸ ನಡೆಯುವ ಜಾಗದಲ್ಲಿ, ದುಡಿಯುವವನ ಮನೆ ಇರುವ ಜಾಗದಲ್ಲಲ್ಲ. ಬೆಳಗ್ಗೆ ಸ್ಟ್ಯಾನ್ಮೋರಿನಲ್ಲಿ ತಿಂಡಿ ತಿಂದು, ಸುಮಾರು ಐವತ್ತು ನಿಮಿಷ ರೈಲಿನಲ್ಲಿ ಕೂತು ಕೆನರಿ ವಾರ್ಫ್ ತಲುಪುವವಳ ದುಡಿಮೆಯೆಲ್ಲ ಟವರ್ ಹ್ಯಾಮ್ಲೆಟ್ಸ್ ಬರೋದ ಖಾತೆಗೆ ಜಮೆಯಾಗುತ್ತದೆ. ನಮ್ಮ ಹಳ್ಳಿಯ ಡೇರಿಯನ್ನು ನೆನೆಸಿಕೊಳ್ಳಿ. ಹಾಲು ಅಳೆಯುವುದು ಡೇರಿಯಲ್ಲಿ, ಪುಸ್ತಕದಲ್ಲಿ ಬರೆಯುವುದೂ ಅಲ್ಲೇ. ಆ ಪುಸ್ತಕವೊಂದನ್ನೇ ಓದಿದವನಿಗೆ ಡೇರಿಯೇ ಹಾಲು ಕರೆಯುತ್ತದೆ ಅನ್ನಿಸಬಹುದು. ಹಸು ಮಾತ್ರ ಯಾರದೋ ಕೊಟ್ಟಿಗೆಯಲ್ಲಿರುತ್ತದೆ.

ಈ ಅಳತೆಯ ವಿಚಿತ್ರ ನೋಡಬೇಕೆಂದರೆ ಸಿಟಿ ಆಫ್ ಲಂಡನ್ನಿಗೆ ಹೋಗಬೇಕು. ಹಳೆಯ ಕೋಟೆಯೊಳಗಿನ ಆ ಚದರ ಮೈಲಿಯಲ್ಲಿ 2021ರ ಜನಗಣತಿಯ ಪ್ರಕಾರ ವಾಸಿಸುವವರು ಸುಮಾರು 8,600 ಮಂದಿ. ಕೆಲಸಕ್ಕೆ ಬಂದು ಹೋಗುವವರು ಐದು ಲಕ್ಷಕ್ಕೂ ಮೇಲೆ. ಅಷ್ಟು ಜನರ ದುಡಿಮೆಯನ್ನು ಇಷ್ಟು ಜನರಿಂದ ಭಾಗಿಸಿದರೆ ಬರುವ ತಲಾ ಉತ್ಪನ್ನವನ್ನು ನಂಬುವವನು ಭೂಮಿಯ ಮೇಲೆ ಅಲ್ಲಿನ ನಿವಾಸಿಗಳಿಗಿಂತ ಶ್ರೀಮಂತರೇ ಇಲ್ಲ ಎಂದುಕೊಳ್ಳಬೇಕಾಗುತ್ತದೆ.

ಬೆಂಗಳೂರಿನ ಬಗ್ಗೆ ನಾವು ಆಡುವ ಮಾತಿನಲ್ಲೂ ಇದೇ ಮೋಸವಿದೆ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದೇ ಎಂಬುದು ನಿಜ. ಆದರೆ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದ ಕಾವೇರಿ, ಕಲಬುರಗಿಯ ಯಾವುದೋ ಸರ್ಕಾರಿ ಶಾಲೆಯ ಮೇಷ್ಟ್ರು ತಿದ್ದಿ ಬೆಳೆಸಿದ ತಲೆ, ಇವೆಲ್ಲ ಯಾವ ಕಾಲಮ್ಮಿನಲ್ಲಿ ಬರುತ್ತವೆ?

ಹಾಗಂತ ತಕ್ಕಡಿಯನ್ನು ಪೂರ್ತಿ ಆಚೆ ಬದಿಗೆ ವಾಲಿಸುವುದೂ ತಪ್ಪು. ‘ದೊಡ್ಡ ಪಟ್ಟಣ ಸುತ್ತಲಿನ ರಕ್ತ ಹೀರುತ್ತದೆ’ ಎಂಬುದು ಇನ್ನೊಂದು ಜನಪ್ರಿಯ ನಂಬಿಕೆ. ಸಂಜೆ ಹೊತ್ತಿಗೆ ಆ ಸಂಬಳ ಅದೇ ರೈಲಿನಲ್ಲಿ ಸ್ಟ್ಯಾನ್ಮೋರಿಗೆ ವಾಪಸು ಬರುತ್ತದೆ. ಮನೆ ಸಾಲದ ಕಂತಾಗಿ, ಅಂಗಡಿಯ ಬಿಲ್ಲಾಗಿ, ಹ್ಯಾರೋ ಕೌನ್ಸಿಲ್ಲಿನ ತೆರಿಗೆಯಾಗಿ ಇಲ್ಲೇ ಕರಗುತ್ತದೆ. ಅದೇ ಹೆಣ್ಣುಮಗಳು ಸ್ಟ್ಯಾನ್ಮೋರಿನಲ್ಲೇ ಕೂತಿದ್ದರೆ ಅಷ್ಟು ಸಂಬಳ ಸಿಗುತ್ತಿರಲಿಲ್ಲ. ಸಾವಿರಾರು ಕಚೇರಿ, ವಕೀಲರು, ಲೆಕ್ಕಿಗರು, ಎದುರಾಳಿಗಳು ಒತ್ತಿಕೊಂಡು ಕೂತಿರುವುದರಿಂದಲೇ ಅಲ್ಲಿನ ಒಂದು ಗಂಟೆಗೆ ಆ ಬೆಲೆ. ಡೇರಿ ಇಲ್ಲದ ಊರಿನಲ್ಲಿ ಹಾಲಿಗೆ ದರವೂ ಇಲ್ಲ ಎಂಬುದು ಹಸು ಕಟ್ಟಿದವರಿಗೆಲ್ಲ ಗೊತ್ತು.

ಮುಂದಿನ ನಂಬಿಕೆ ರೈಲಿನದು: ‘ಜನ ಬೆಳೆದರು, ಹಾಗಾಗಿ ರೈಲು ಬಂತು.’ ಸ್ಟ್ಯಾನ್ಮೋರಿನಲ್ಲಿ ನಡೆದದ್ದು ತಿರುವುಮುರುವು, ಅದೂ ಎರಡು ಸಲ. ಹೋಟೆಲ್ ಉದ್ಯಮಿ ಫ್ರೆಡರಿಕ್ ಗಾರ್ಡನ್ 1880ರ ದಶಕದಲ್ಲಿ ಇಲ್ಲಿನ ಬೆಂಟ್ಲಿ ಪ್ರಯರಿ ಎಂಬ ಬಂಗಲೆಯನ್ನು ಕೊಂಡು ಹೋಟೆಲ್ ಮಾಡಿದ. ಗಿರಾಕಿಗಳನ್ನು ಕರೆತರಲು ರೈಲು ಬೇಕೆಂದು ಹೊರಟ. 1890ರಲ್ಲಿ ರೈಲು ಬಂತು. ಹಳ್ಳಿಯ ಅಂದ ಕೆಡಬಾರದೆಂದು ಸ್ಟೇಷನ್ನನ್ನು ಪುಟ್ಟ ಚರ್ಚಿನ ಹಾಗೆ ಕಟ್ಟಿದ್ದರು. ಹೋಟೆಲ್ ಮಾತ್ರ ಓಡಲಿಲ್ಲ. ಗಾರ್ಡನ್ ತಾನೇ ಅದರಲ್ಲಿ ಸಂಸಾರ ಹೂಡಿದ. 1952ರಲ್ಲಿ ಆ ಸ್ಟೇಷನ್ನಿಗೆ ಪ್ರಯಾಣಿಕರ ರೈಲೂ ನಿಂತುಹೋಯಿತು. ರೈಲು ಬಂದರೆ ಸಾಕು, ಊರು ಉದ್ಧಾರ ಎನ್ನುವವರು ಈ ಚರ್ಚನ್ನೊಮ್ಮೆ ನೆನೆಯಬೇಕು.

ಎರಡನೆಯ ರೈಲು ಬೇರೆ ಜಾತಿಯದು. ಮೆಟ್ರೊಪಾಲಿಟನ್ ರೈಲ್ವೆ ಕಂಪನಿಗೆ ಹಳಿಯ ಜೊತೆಗೆ ನಿವೇಶನದ ವ್ಯಾಪಾರವೂ ಇತ್ತು. ‘ಮೆಟ್ರೋಲ್ಯಾಂಡ್’ ಎಂದು ಹೆಸರಿಟ್ಟು ಲಂಡನ್ನಿನ ವಾಯವ್ಯದ ಹೊಲಗದ್ದೆಗಳನ್ನು ಮಧ್ಯಮ ವರ್ಗದ ಕನಸಾಗಿ ಮಾರಿದ ಕಂಪನಿ ಅದು. ಅದರ ಕವಲು 1932ರ ಡಿಸೆಂಬರ್ 10ರಂದು ಸ್ಟ್ಯಾನ್ಮೋರ್ ಮುಟ್ಟಿತು. ಮನೆಗಳ ಸಾಲು ಎದ್ದದ್ದು ರೈಲಿನ ಬೆನ್ನಿಗೆ. ಮುಂದೆ ಇದೇ ಹಳಿ 1939ರಲ್ಲಿ ಬೇಕರ್‌ಲೂ ಲೈನಿಗೆ ಸೇರಿತು, 1979ರಲ್ಲಿ ಜುಬಿಲಿ ಲೈನಾಯಿತು, 1999ರಲ್ಲಿ ಕೆನರಿ ವಾರ್ಫ್ ದಾಟಿ ಸ್ಟ್ರಾಟ್‌ಫರ್ಡ್ ತನಕ ಹೋಯಿತು. ಹಳಿಯ ಆ ತುದಿ ಬದಲಾದಾಗ ಈ ತುದಿಯ ಮನೆಯ ಅರ್ಥವೇ ಬದಲಾಯಿತು.

‘ಅಂಚಿನ ಊರಿನಲ್ಲಿ ಮನೆ, ಮರ ಬಿಟ್ಟರೆ ಇನ್ನೇನಿದೆ’ ಎನ್ನುವವರೂ ಇದ್ದಾರೆ. ಯಾವುದಾದರೂ ಮೂಳೆ ಡಾಕ್ಟರ ಮುಂದೆ ಈ ಮಾತು ಆಡಿ ನೋಡಿ. ಅವರ ಕಿವಿಗೆ ಸ್ಟ್ಯಾನ್ಮೋರ್ ಎಂದರೆ ಕೃತಕ ಸೊಂಟದ ಕೀಲಿನ ಹೆಸರು. ಇಲ್ಲಿನ ಬ್ರಾಕ್ಲಿ ಹಿಲ್‌ನಲ್ಲಿ ರಾಯಲ್ ನ್ಯಾಷನಲ್ ಆರ್ಥೊಪೀಡಿಕ್ ಆಸ್ಪತ್ರೆಯಿದೆ. ನಡುಲಂಡನ್ನಿನ ಈ ಆಸ್ಪತ್ರೆ 1922ರಲ್ಲಿ ಒಳ್ಳೆಯ ಗಾಳಿ ಹುಡುಕಿಕೊಂಡು ಹಳ್ಳಿಯ ಶಾಖೆ ತೆರೆದದ್ದು ಇಲ್ಲಿ. ಇಂದು ದೇಶದ ಮೂಲೆಮೂಲೆಯಿಂದ ಬೆನ್ನು, ಮೂಳೆ ಗಡ್ಡೆಯ ಕಷ್ಟದ ಕೇಸುಗಳು ಬರುವುದು ಈ ‘ಶಾಖೆ’ಗೇ.

ಗಾರ್ಡನ್ನನ ಸೋತ ಹೋಟೆಲ್ಲಿಗೂ ಒಂದು ಎರಡನೆಯ ಜನ್ಮವಿತ್ತು. 1936ರಲ್ಲಿ ಬೆಂಟ್ಲಿ ಪ್ರಯರಿ ಬ್ರಿಟಿಷ್ ವಾಯುಪಡೆಯ ಫೈಟರ್ ಕಮಾಂಡ್‌ನ ಕೇಂದ್ರವಾಯಿತು. ಹ್ಯೂ ಡೌಡಿಂಗ್ ಅದರ ಮುಖ್ಯಸ್ಥ. ಎರಡನೆಯ ಮಹಾಯುದ್ಧದ ವೇಳೆ, 1940ರ ಬೇಸಿಗೆಯಲ್ಲಿ, ಕರಾವಳಿಯ ರೇಡಾರ್‌ಗಳು ಕಂಡದ್ದೆಲ್ಲ ಫೋನಿನ ಮೂಲಕ ಇಲ್ಲಿನ ಫಿಲ್ಟರ್ ರೂಮಿಗೆ ಬರುತ್ತಿತ್ತು. ನಿಜ ಯಾವುದು, ಗೊಂದಲ ಯಾವುದು ಎಂದು ಜರಡಿ ಹಿಡಿದು ವಿಮಾನ ದಳಗಳಿಗೆ ದಾಟಿಸುತ್ತಿದ್ದರು. ಅದೇ ಯುದ್ಧದ ಮುಂದಿನ ವರ್ಷಗಳಲ್ಲಿ ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ಒಡೆಯುವ ‘ಬಾಂಬ್’ ಯಂತ್ರಗಳ ಒಂದು ದೊಡ್ಡ ಗುಂಪೂ ಸ್ಟ್ಯಾನ್ಮೋರಿನಲ್ಲೇ ಸದ್ದು ಮಾಡುತ್ತಿತ್ತು. ನಡೆಸುತ್ತಿದ್ದವರು ನೌಕಾದಳದ ಹೆಣ್ಣುಮಕ್ಕಳು. ಮಲಗುವ ಊರು ಎಂದೆವಲ್ಲ, ಲಂಡನ್ ಮಲಗಲೆಂದು ಈ ಊರು ಎದ್ದು ಕೂತಿತ್ತು.

ಇನ್ನೊಬ್ಬ ನಿವಾಸಿಯ ಕಥೆ ಹೇಳದಿದ್ದರೆ ಮನಸ್ಸು ಕೇಳದು. ಆಸ್ಟ್ರೇಲಿಯಾದ ಮೌಂಟ್ ಮಾರ್ಗನ್ ಗಣಿಯ ಚಿನ್ನದಿಂದ ಕುಬೇರನಾದ ವಿಲಿಯಂ ನಾಕ್ಸ್ ಡಾರ್ಸಿ ಸ್ಟ್ಯಾನ್ಮೋರ್ ಹಾಲ್ ಕೊಂಡು, ವಿಲಿಯಂ ಮಾರಿಸ್ ಕಂಪನಿಯಿಂದ ಒಳಾಂಗಣ ಮಾಡಿಸಿ ನೆಲೆಸಿದ್ದ. 1901ರಲ್ಲಿ ಪರ್ಷಿಯಾದ ತೈಲ ಹುಡುಕುವ ಹಕ್ಕನ್ನು ಪಡೆದ. ಆ ದೇಶಕ್ಕೆ ಒಮ್ಮೆಯೂ ಕಾಲಿಡದೆ ಹಣ ಸುರಿದ. 1908ರಲ್ಲಿ ತೈಲ ಚಿಮ್ಮಿತು. ಅದರಿಂದ ಹುಟ್ಟಿದ ಕಂಪನಿಯೇ ಇಂದಿನ ಬಿಪಿ. ಚಿನ್ನ ಒಂದು ಖಂಡದ್ದು, ಎಣ್ಣೆ ಇನ್ನೊಂದು ಖಂಡದ್ದು, ಪಿಂಗಾಣಿ ತಟ್ಟೆಯಲ್ಲಿ ಊಟ ಸ್ಟ್ಯಾನ್ಮೋರಿನಲ್ಲಿ. ಈ ದುಡ್ಡನ್ನು ಯಾವ ಬರೋದ ಖಾತೆಗೆ ಬರೆಯೋಣ?

ಊರಿನ ಸುತ್ತಲ ಹಸಿರನ್ನು ಕಂಡು ‘ಇನ್ನೂ ಉಳಿದಿರುವ ಹಳ್ಳಿ’ ಎಂದು ಮೆಚ್ಚುವವರಿದ್ದಾರೆ. ಉಳಿದದ್ದಲ್ಲ, ಕಾನೂನು ಹಿಡಿದು ಉಳಿಸಿದ್ದು. 1938ರ ಗ್ರೀನ್ ಬೆಲ್ಟ್ ಕಾಯ್ದೆ, 1944ರ ಅಬರ್‌ಕ್ರೋಂಬಿ ಯೋಜನೆ, 1947ರ ನಗರ ಯೋಜನಾ ಕಾಯ್ದೆ ಇವು ಲಂಡನ್ನಿಗೆ ಹಾಕಿದ ಬೇಲಿ. ನಮ್ಮ ಹಸಿರು ಪಟ್ಟಿ ನಕ್ಷೆಯಲ್ಲಿನ ಬಣ್ಣವಾಗಿ ಉಳಿದದ್ದನ್ನು ಕಂಡವರಿಗೆ ಹೊಟ್ಟೆಕಿಚ್ಚಾಗುವುದು ಸಹಜ. ಆದರೆ ಬೇಲಿಯೊಳಗೆ ಮನೆ ಕಟ್ಟುವ ಜಾಗ ಕಡಿಮೆಯಾದಷ್ಟೂ ಮನೆಯ ಬೆಲೆ ಏರುತ್ತದೆ. ಈಗಾಗಲೇ ಮನೆಯಿದ್ದವರಿಗೆ ಹಸಿರು, ಹೊಸಬರಿಗೆ ಬಾಡಿಗೆ.

ಇನ್ನು ‘ಸ್ಟ್ಯಾನ್ಮೋರ್ ಲಂಡನ್ ಅಲ್ಲ’ ಎಂಬುದು. ಇದನ್ನು ಹೇಳುವವರಲ್ಲಿ ಅಲ್ಲಿನವರೇ ಮುಂದೆ. ವಿಳಾಸದಲ್ಲಿ ಮಿಡ್ಲ್‌ಸೆಕ್ಸ್ ಎಂದು ಬರೆಯುವ ಹಿರಿಯರು ಇನ್ನೂ ಇದ್ದಾರೆ. ಪಿನ್‌ಕೋಡೂ ಹ್ಯಾರೋದ್ದೇ, ಲಂಡನ್ನಿನದಲ್ಲ. ಆದರೆ ಮಿಡ್ಲ್‌ಸೆಕ್ಸ್ ಕೌಂಟಿ ಕೌನ್ಸಿಲ್ ರದ್ದಾಗಿ ಈ ಊರು ಗ್ರೇಟರ್ ಲಂಡನ್ನಿಗೆ ಸೇರಿದ್ದು 1965ರ ಏಪ್ರಿಲ್ 1ರಂದು. ಹೊಗೆ ಉಗುಳುವ ಹಳೆಯ ವಾಹನಗಳಿಗೆ ದಿನಕ್ಕೆ ಹನ್ನೆರಡೂವರೆ ಪೌಂಡ್ ಶುಲ್ಕ ವಿಧಿಸುವ ವಲಯವನ್ನು ಮೇಯರ್ ಎಲ್ಲ ಬರೋಗಳಿಗೂ ಹಿಗ್ಗಿಸಲು ಹೊರಟಾಗ ಹ್ಯಾರೋ ಕೌನ್ಸಿಲ್ ಇತರ ಕೆಲವರೊಡನೆ ಕೋರ್ಟಿಗೆ ಹೋಯಿತು, ಸೋತಿತು. 2023ರ ಆಗಸ್ಟ್ 29ರಿಂದ ಸ್ಟ್ಯಾನ್ಮೋರಿನ ಹಳೆಯ ಡೀಸೆಲ್ ಕಾರುಗಳೂ ಲಂಡನ್ನಿನವೇ ಆದವು. ಊರಿನ ಉತ್ತರದ ದಿಣ್ಣೆಯ ಮೇಲೆ, ವುಡ್ ಫಾರ್ಮ್‌ನಲ್ಲಿ, ನೋಟ ನೋಡಲೆಂದೇ ಒಂದು ಜಾಗವಿದೆ. ಆಕಾಶ ತಿಳಿಯಾಗಿದ್ದರೆ ವೆಂಬ್ಲಿ ಸ್ಟೇಡಿಯಮ್ಮಿನ ಕಮಾನು, ಅದರಾಚೆ ಸಿಟಿಯ ಗೋಪುರಗಳು ಕಾಣುತ್ತವೆ. ನೆಂಟರು ಬಂದಾಗ ಅಲ್ಲಿಗೆ ಕರೆದೊಯ್ಯುತ್ತಾರೆ, ಅವರು ಫೋಟೋ ತೆಗೆದು ‘ದೂರದಿಂದ ಲಂಡನ್’ ಎಂದು ಊರಿಗೆ ಕಳಿಸುತ್ತಾರೆ.